ಬಗನಿ ದಬ್ಬೆ ತೆಗೆದ ಮೇಲೆ

ಆಗಸ್ಟ್ ಒಂಬತ್ತು, ಭಾನುವಾರ, ಬೆಳಿಗ್ಗೆ ಏಳೂ ಹತ್ತು. ಹೊರಗೆ ಸಣ್ಣಗೆ ಮಳೆ ಹನಿಯುತ್ತಿದೆ. ಅಡುಗೆಮನೆಯ ನಲ್ಲಿ ತಿರುಗಿಸಿದರೆ ನೀರಿಲ್ಲ. ಇವೆರಡೂ ಒಂದೇ ದಿನ ಹೇಗೆ ಆಗುತ್ತವೆ ಎಂದು ಬಯಲುಸೀಮೆಯ ನೆಂಟರು ಫೋನಿನಲ್ಲಿ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಮೊದಲಿಂದ ಹೇಳಿ ಸಾಕಾಗಿದೆ. ಒಂದು ಸಲ ಸರಿಯಾಗಿ ಬರೆದಿಡೋಣ ಎಂದು ಕೂತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಈ ಡಿಸೆಂಬರಿನಲ್ಲಿ ಅಮ್ಮ ಕಾಫಿ ಬೀಜವನ್ನು ಮಡಿಗೆ ಹಾಕಬೇಕೋ ಬೇಡವೋ ಎನ್ನುವುದು ಈ ನೀರಿನ ಮೇಲೆ ನಿಂತಿದೆ.

ನಮ್ಮ ಮನೆ ಇರುವುದು ಬಾಳ್ಳುಪೇಟೆಯಿಂದ ಕೆ. ಹೊಸಕೋಟೆ ಕಡೆಗೆ ಹೋಗುವಾಗ ಸಿಗುವ ಒಂದು ಗುಡ್ಡದ ನಡುವಿನಲ್ಲಿ. ಅಪ್ಪ ಪಕ್ಕದ ಎಸ್ಟೇಟಿನಲ್ಲಿ ರೈಟರ್; ಆಳುಗಳ ಹಾಜರಿ, ದಿನದ ಕೆಲಸ ನೋಡಿಕೊಳ್ಳುತ್ತಾರೆ. ನಾನು ಬಾಳ್ಳುಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಹಾಕುತ್ತೇನೆ. ನಮ್ಮ ಅಂಗಳದ ಕೆಳಗಿನದು ದೊಡ್ಡಪ್ಪನ ಮನೆ. ಅಮ್ಮನದು ನರ್ಸರಿ. ಡಿಸೆಂಬರಿನಲ್ಲಿ ಮರಳಿನ ಮಡಿಗೆ ಬೀಜ ಹಾಕುತ್ತಾಳೆ. ಮೊಳಕೆ ತಲೆಯ ಮೇಲೆ ಬೀಜವನ್ನು ಟೋಪಿಯಂತೆ ಹೊತ್ತು ಮೇಲೆದ್ದ ಮೇಲೆ, ಒಂದೊಂದನ್ನೇ ಕಿತ್ತು ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ನೆಡುತ್ತಾಳೆ. ಅಲ್ಲಿಂದ ಮಳೆಗಾಲ ಹಿಡಿಯುವವರೆಗೆ ದಿನವೂ ನೀರು. ಜೂನ್, ಜುಲೈನಲ್ಲಿ ಸುತ್ತಿನ ಸಣ್ಣ ಬೆಳೆಗಾರರು ಬಂದು ಸಸಿ ಒಯ್ಯುತ್ತಾರೆ. ಮದುವೆಯಾಗಿ ಬಂದ ಎರಡನೇ ವರ್ಷ ಶುರು ಮಾಡಿದ್ದಂತೆ. ಜಮೀನು, ಮನೆ ಎಲ್ಲ ಅಪ್ಪನ ಮತ್ತು ದೊಡ್ಡಪ್ಪನ ಹೆಸರಿನಲ್ಲಿದೆ. ಅಮ್ಮನದು ಎಂದು ಜನ ಹೇಳುವುದು ನರ್ಸರಿಯೊಂದನ್ನೇ.

ಇದಕ್ಕೆಲ್ಲ ನೀರು ಬರುತ್ತಿದ್ದದ್ದು ಮನೆಯ ಮೇಲ್ಗಡೆಯ ಒರತೆಯಿಂದ. ಮೋಟಾರು ಬೇಡ, ಕರೆಂಟು ಬೇಡ. ಒರತೆಯ ಬಾಯಿಯಿಂದ ಕರಿ ಪೈಪಿನಲ್ಲಿ ಇಳಿಜಾರು ಹಿಡಿದು ನರ್ಸರಿಗೆ, ಅಲ್ಲಿಂದ ನಮ್ಮ ಟ್ಯಾಂಕಿಗೆ, ಹೆಚ್ಚಾದದ್ದು ದೊಡ್ಡಪ್ಪನ ಮನೆಗೆ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಮನೆಯ ಸಾಮಾನುಗಳೆಲ್ಲ ಮಾತಾಡಿಕೊಂಡಂತೆ ಒಟ್ಟಿಗೆ ಕೈಕೊಟ್ಟವು. ಮೊದಲು ಇನ್ವರ್ಟರಿನ ಬ್ಯಾಟರಿ ಸತ್ತಿತು. ಆ ವಾರವೇ ಬಚ್ಚಲ ಹಂಡೆಯ ತಳ ತೂತಾಗಿ ಒಲೆ ಆರಿತು. ಟ್ಯಾಂಕಿನ ವಾಲ್ವ್ ತುಕ್ಕು ಹಿಡಿದು ಕೈಯಲ್ಲೇ ಮುರಿದು ಬಂತು. ತಿಂಗಳ ಕೊನೆಗೆ ಆನೆಗಳು ತೋಟದೊಳಗೆ ಹಾದು ಪೈಪನ್ನು ಮೂರು ಕಡೆ ತುಳಿದು ಹೋದವು. ಮಿಕ್ಸಿ ಒಂದು ಉಳಿದಿತ್ತು, ಅದೂ ಹೊಗೆ ಬಿಟ್ಟಿತು. ಕೆಡುವುದಾದರೆ ಸರತಿಯ ಮೇಲೆ ಕೆಡಬಾರದೇ ಎಂದು ಅಮ್ಮ ಅಂದಳು. ಆ ಮಾತು ನನಗೆ ಹಿಡಿಸಿತು. ಯಾವುದು ಯಾವ ವರ್ಷ ಕೆಡಬಹುದು ಎಂದು ಮೊದಲೇ ಬರೆದುಕೊಂಡರೆ, ಕೆಡುವ ಮೊದಲೇ ಒಂದೊಂದನ್ನು ಬದಲಿಸಬಹುದಲ್ಲ.

ಅಂಗಡಿಯಲ್ಲಿ ಯಾವ ಸಾಮಾನು ಎಷ್ಟು ವರ್ಷಕ್ಕೆ ವಾಪಸು ಬರುತ್ತದೆ ಎಂದು ನನಗೆ ಸುಮಾರಾಗಿ ಗೊತ್ತಿತ್ತು. ಡಬ್ಬದ ಮೇಲೆ ಬರೆದ ಆಯುಷ್ಯವನ್ನು ಹಾಗೇ ನಂಬುವಂತಿಲ್ಲ. ನಮ್ಮ ಕಡೆಯ ತೇವಕ್ಕೆ ಒಂದಷ್ಟು ಕಳೆಯಬೇಕು, ಸಿಡಿಲಿಗೆ ಒಂದಷ್ಟು, ಆನೆಗೆ ಒಂದಷ್ಟು. ಹಾಗೆ ಕಳೆದು ಒಂದು ಪಟ್ಟಿ ಮಾಡಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದೆ. ಪ್ರತಿ ಸಾಮಾನಿನ ಮೇಲೂ ಹಾಕಿದ ದಿನವನ್ನು ಮಾರ್ಕರಿನಲ್ಲಿ ಬರೆದೆ. ಹಂಡೆಯ ಕಂಠದ ಮೇಲೆ, ವಾಲ್ವಿನ ಹಿಡಿಯ ಮೇಲೆ, ಸ್ವಿಚ್ ಬೋರ್ಡಿನ ಬದಿಯಲ್ಲಿ. ಒಂದು ಸಂಜೆ ಕಾಫಿಗೆ ಬಂದ ದೊಡ್ಡಪ್ಪ ಗ್ಯಾಸ್ ಒಲೆಯ ಮೇಲಿನ ತಾರೀಕು ಓದಿ, ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು:

"ನಂಗೂ ಒಂದು ಡೇಟ್ ಬರ್ದು ಅಂಟ್ಸವ್ವಾ. ನಿಮ್ ದೊಡ್ಡಮ್ಮ ವಾರಂಟಿ ಮುಗ್ದು ಎಷ್ಟೋ ದಿನ ಆಯ್ತು ಅಂತಾವ್ಳೆ."

ಪಟ್ಟಿಯಲ್ಲಿ ಅತಿ ಕಡಿಮೆ ಆಯುಷ್ಯದ ಸಾಮಾನು ಒರತೆಯ ಬಾಯಿಗೆ ಇಟ್ಟ ಬಗನಿ ದಬ್ಬೆ. ಬಗನಿ, ಅಂದರೆ ಬೈನೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆರೆದು ತೆಗೆದರೆ ದೋಣಿಯಂತೆ ಆಗುತ್ತದೆ. ಮಣ್ಣಿನಿಂದ ಬರುವ ನೀರು ಅದರ ಮೇಲೆ ಹರಿದು ಪೈಪಿನ ಬಾಯಿಗೆ ಬೀಳುತ್ತದೆ. ಎರಡು ಮಳೆಗಾಲ ಕಂಡರೆ ಹೆಚ್ಚು, ಕೊಳೆಯುತ್ತದೆ. ಅದನ್ನು ಬದಲಿಸಲು ನಮ್ಮಲ್ಲಿ ಒಂದು ಕ್ರಮ ಇತ್ತು. ಮಳೆ ಹಿಂದೆ ಸರಿದು ದೀಪಾವಳಿ ಇನ್ನೂ ಬಾರದಿರುವಾಗ ಒಂದು ಬೆಳಿಗ್ಗೆ ಎರಡೂ ಮನೆಯವರು ಮೇಲೆ ಹತ್ತುವುದು. ಕತ್ತಿ, ಗುದ್ದಲಿ, ಹಾರೆ ಯಾವುದನ್ನೂ ಒರತೆಯ ಹತ್ತಿರ ಒಯ್ಯುವಂತಿಲ್ಲ. ಕೆಳಗಿನ ಬಂಡೆಯ ಮೇಲೆ ಇಟ್ಟು ಹೋಗಬೇಕು. ತುಂಬಿದ ಕೆಸರನ್ನು ಕೈಯಲ್ಲೇ ಎತ್ತಿ ಹಾಕಬೇಕು. ಹೊಸ ದಬ್ಬೆಯನ್ನು ಜೇಡಿಮಣ್ಣಿನಲ್ಲಿ ಅಂಗೈಯಿಂದ ಒತ್ತಿ ಕೂರಿಸಬೇಕು. ಕೊನೆಗೆ ವೀಳ್ಯದೆಲೆ, ಅಡಿಕೆ ಇಟ್ಟು, ಮೊದಲ ನೀರನ್ನು ಕಾಡುಬಾಳೆಯ ಎಲೆಯಲ್ಲಿ ಹಿಡಿದು ಎಲ್ಲರೂ ಒಂದೊಂದು ಗುಟುಕು ಕುಡಿಯುವುದು. ಕಬ್ಬಿಣ ಯಾಕೆ ಬೇಡ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, ಬೇಡ ಅಂದ್ರೆ ಬೇಡ ಎಂಬುದಷ್ಟೇ ಸಿಕ್ಕ ಉತ್ತರ.

ಆ ವರ್ಷ ಬಗನಿ ಮರವೇ ಸಿಗಲಿಲ್ಲ. ಆನೆಗಳಿಗೆ ಬಗನಿ ಎಂದರೆ ಪ್ರಾಣ. ಕೆಡವಿ, ಸಿಗಿದು, ತಿರುಳು ತಿನ್ನುತ್ತವೆ. ನಮ್ಮ ತೋಟದ ಅಂಚಿನಲ್ಲಿದ್ದ ಮರಗಳನ್ನೆಲ್ಲ ಮುಗಿಸಿದ್ದವು. ಅಕ್ಟೋಬರಿನ ಒಂದು ಭಾನುವಾರ ನಮ್ಮ ಜಗಲಿಯಲ್ಲಿ ಎಲ್ಲರೂ ಕೂತರು. ದಬ್ಬೆಯ ಜಾಗಕ್ಕೆ ಸಿಮೆಂಟಿನ ತೊಟ್ಟಿ ಕಟ್ಟಿಸೋಣ ಎಂದು ಮೊದಲು ಹೇಳಿದವರು ದೊಡ್ಡಪ್ಪ. ವರ್ಷ ಬಿಟ್ಟು ವರ್ಷ ಮರ ಹೊತ್ತು ಗುಡ್ಡ ಹತ್ತಿ ಅವರ ಮಂಡಿ ಸವೆದಿತ್ತು. ಅಪ್ಪ ಒಪ್ಪಿದರು. ಎಸ್ಟೇಟುಗಳಲ್ಲೆಲ್ಲ ಈಗ ತೊಟ್ಟಿಯೇ ಎಂದರು. ಅಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ನರ್ಸರಿಯ ಮೇಲಿನ ಮಡಿಗಳು ಒರತೆಯ ಮಟ್ಟಕ್ಕೇ ಇದ್ದುದರಿಂದ ಪೈಪಿನ ನೀರು ಅಲ್ಲಿಗೆ ಏರುತ್ತಿರಲಿಲ್ಲ. ಅಲ್ಲಿಗೆ ಅವಳು ಕೊಡದಲ್ಲಿ ಹೊರುತ್ತಿದ್ದಳು.

"ಹೆಂಗೂ ಕಟ್ತೀರಲ್ಲ ಭಾವ, ಪೈಪಿನ ಬಾಯಿ ಒಂದೂವರೆ ಅಡಿ ಎತ್ತರಕ್ಕೆ ಕೊಡ್ಸಿ. ಮೇಲ್ಗಡೆ ಮಡಿಗೆ ಹೊರೋದು ತಪ್ತದೆ," ಅಂದಳು.

ಅಮ್ಮ ಮನೆಯ ವಿಷಯದಲ್ಲಿ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಎಲ್ಲರೂ ತಕ್ಷಣ ಹೂಂ ಅಂದರು. ಕೆಲಸಕ್ಕೆ ಬಂದ ಗಾರೆ ಮೇಸ್ತ್ರಿಯೂ ಅದಕ್ಕೇನಂತೆ ಅಂದ. ತೊಟ್ಟಿ ತುಂಬಿದ ಮೇಲೆ ನೀರು ತಾನಾಗಿ ಏರುತ್ತದೆ, ಏಣಿ ಹಾಕಬೇಕಾಗಿಲ್ಲ ಎಂದು ನಕ್ಕ. ಹಾರೆ, ಗುದ್ದಲಿ ಆ ದಿನ ಒರತೆಯ ಬಾಯಿಗೇ ಹೋದವು. ದೊಡ್ಡಪ್ಪ ಹಾರೆಗೆ ಕುಂಕುಮ ಹಚ್ಚಿ, ಕೈ ಮುಗಿದು ಕೊಟ್ಟರು. ನವೆಂಬರಿನಲ್ಲಿ ತೊಟ್ಟಿ ಮುಗಿಯಿತು. ನಾನು ಪಟ್ಟಿಯಲ್ಲಿ ದಬ್ಬೆಯ ಸಾಲು ಹೊಡೆದುಹಾಕಿ, ಸಿಮೆಂಟ್ ತೊಟ್ಟಿ, ಐವತ್ತು ವರ್ಷ ಎಂದು ಬರೆದೆ.

ಮರುವರ್ಷದ ಬೇಸಿಗೆ ಚೆನ್ನಾಗಿತ್ತು. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಮೇಲಿನ ಮಡಿಗಳ ಉದ್ದಕ್ಕೆ ಸಣ್ಣ ತೂತುಗಳ ಪೈಪು ಹಾಸಿದೆವು. ಮೊದಲ ದಿನ ಅದರಿಂದ ನೀರು ಜಿನುಗುತ್ತಿರುವಾಗ ಅಮ್ಮ ಸೊಂಟದ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತಿದ್ದಳು. ಆ ಹೊತ್ತಿನಲ್ಲಿ ಕೈಗೆ ಕೆಲಸವಿಲ್ಲದಿರುವುದು ಅವಳಿಗೆ ಹೊಸದು. ಆ ಜೂನ್‌ನಲ್ಲಿ ಸಸಿ ಸಾಲದೆ ಕೆಲವರು ಬರಿಗೈಯಲ್ಲಿ ಹೋದರು. ಹಾಗಾಗಿ ಮುಂದಿನ ಡಿಸೆಂಬರಿನಲ್ಲಿ ಇನ್ನೂ ಮೂರು ಮಡಿ ಹೆಚ್ಚಿಸಿದಳು.

ಈ ವರ್ಷ ಜನವರಿಯಿಂದ ನೀರು ಸಣ್ಣದಾಯಿತು. ತೊಟ್ಟಿಯ ಬಾಯಿಗೆ ಬಕೆಟ್ ಹಿಡಿದು ನೋಡುವುದು ನನ್ನ ಭಾನುವಾರದ ಅಭ್ಯಾಸ. ಹೋದ ವರ್ಷ ಒಂದು ನಿಮಿಷದೊಳಗೆ ತುಂಬುತ್ತಿದ್ದ ಬಕೆಟ್ ಜನವರಿಯ ಕೊನೆಗೆ ನಾಲ್ಕು ನಿಮಿಷ ತೆಗೆದುಕೊಂಡಿತು. ಫೆಬ್ರವರಿಯ ನಡುವಿನಲ್ಲಿ ಬಕೆಟ್ ಇಟ್ಟು, ಮನೆಗೆ ಇಳಿದು, ರೊಟ್ಟಿ ತಿಂದು ಹತ್ತಿ ಹೋದೆ. ಅರ್ಧವಾಗಿತ್ತು. ಪೈಪಿನ ಉದ್ದಕ್ಕೂ ನಡೆದು ಒಂದೊಂದು ಜಾಯಿಂಟ್ ಮುಟ್ಟಿ ನೋಡಿದೆ. ಎಲ್ಲೂ ಸೋರುತ್ತಿರಲಿಲ್ಲ. ವಾಲ್ವ್ ಹೊಸದು, ಟ್ಯಾಂಕ್ ಸರಿ, ಪೈಪು ಗಟ್ಟಿ. ಪಟ್ಟಿ ಹಿಡಿದುಕೊಂಡು ಬಂದು ಅಮ್ಮನಿಗೆ ತೋರಿಸಿದೆ. ಏನೂ ಕೆಟ್ಟಿಲ್ಲ ಎಂದು ಹೇಳಿದೆ. ಅವಳು ಸಸಿಯ ಚೀಲದಿಂದ ಕಳೆ ಕೀಳುತ್ತಾ ತಲೆ ಎತ್ತದೆ ಕೇಳಿದಳು:

"ಒರತೆಗೆ ಎಷ್ಟು ವರ್ಷ ಬರ್ದಿದ್ದೆ?"

ಅದು ಪಟ್ಟಿಯಲ್ಲಿ ಇರಲಿಲ್ಲ. ಯಾರ ಮನೆಯ ಪಟ್ಟಿಯಲ್ಲೂ ಇರುವುದಿಲ್ಲ ಎಂದುಕೊಂಡೆ.

ಆ ವಾರ ಅಪ್ಪ ಒಂದು ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆಯದೆ ಜಗಲಿಯಲ್ಲೇ ಕೂತರು. ಎಸ್ಟೇಟಿನ ಹಳ್ಳ ನಮ್ಮ ಮನೆಗಿಂತ ಕೆಳಗಿದೆ. ಅದರ ಪಕ್ಕದಲ್ಲಿ ಬೇಸಿಗೆಯಲ್ಲಿ ಎಂದೂ ತೇವ ಇರದ ಒಂದು ಜಾಗದಲ್ಲಿ ನೀರು ಎದ್ದಿತ್ತು. ಅದಾಗಲೇ ಏಡಿಗಳು ಬಂದು ಬಿಲ ಮಾಡಿದ್ದವು. ಕಾಫಿ ಗಿಡ ಹೂ ಬಿಡಲೆಂದು ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸುವ ಸಮಯ. ಮಾಲೀಕರಿಗೆ ಹೊಸ ನೀರು ಸಿಕ್ಕಿದ ಸಂತೋಷ. ಅಲ್ಲಿ ಗುಂಡಿ ತೆಗೆಸಿ ಪಂಪ್ ಇಡಿ ಎಂದು ಅಪ್ಪನಿಗೇ ಹೇಳಿದ್ದರು.

"ಕುಡ್ದು ನೋಡ್ದೆ. ನಮ್ ನೀರೇ ಕಣೆ," ಎಂದರು ಅಪ್ಪ.

"ಗುಂಡಿಗೆ ಆಳು ಹಚ್ಚಿದ್ದು ನೀವೇನಾ?" ಅಮ್ಮ ಕೇಳಿದಳು.

"ಇನ್ಯಾರು ಹಚ್ತಾರೆ. ರೈಟರ್ ನಾನಲ್ವಾ."

ಅಮ್ಮ ಎದ್ದು ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ಆಮೇಲೆ ಆ ವಿಷಯ ಅವರಿಬ್ಬರ ನಡುವೆ ಬಂದದ್ದನ್ನು ನಾನು ಕೇಳಿಲ್ಲ. ಮಾಲೀಕರ ಮೇಲೆ ನನಗೆ ದೂರಿಲ್ಲ. ಕುಡಿಯಲು ಎಷ್ಟು ಬೇಕಾದರೂ ಒಯ್ಯಿರಿ ಎಂದು ಅವರೇ ಹೇಳಿ ಕಳಿಸಿದರು. ನರ್ಸರಿಗೆ ಬೇಕಾದರೆ ಅವರ ತೋಟದ ಮೇಲೆ ಪೈಪು ಎಳೆದು, ಮೋಟಾರು ಇಟ್ಟು ಮೇಲಕ್ಕೆ ಹಾರಿಸಬೇಕು. ಅಪ್ಪ ಒಂದು ಸಲ ಕೇಳಿದರು. ಹೂವಿನ ನೀರು ಮುಗಿಯಲಿ, ನೋಡೋಣ ಎಂದರಂತೆ. ಎರಡನೇ ಸಲ ಕೇಳುವ ಸ್ವಭಾವ ಅಪ್ಪನದಲ್ಲ.

ಮಾರ್ಚ್ ಒಂದು, ಭಾನುವಾರ, ತೊಟ್ಟಿ ಒಡೆದೆವು. ಎರಡೂ ಮನೆಯವರು ಹತ್ತಿದೆವು. ದೊಡ್ಡಪ್ಪ ಈ ಸಲ ಕುಂಕುಮ ತಂದಿರಲಿಲ್ಲ. ದೊಡ್ಡ ಸುತ್ತಿಗೆಯಿಂದ ಅಪ್ಪ ಹೊಡೆದರು. ಎತ್ತರದ ಬಾಯಿ ಹೋದರೆ ನೀರು ಹಳೆಯ ಮಟ್ಟಕ್ಕೆ ಇಳಿದು ಬರುತ್ತದೆ ಎಂದು ನಾವೆಲ್ಲ ನಂಬಿದ್ದೆವು. ನೆಲದ ಸಿಮೆಂಟ್ ಕಿತ್ತಾಗ ಕೆಳಗೆ ಒದ್ದೆ ಮರಳು ಸಿಕ್ಕಿತು, ಇನ್ನೂ ಕೆಳಗೆ ಬರೀ ಒಣ ಮರಳು. ಅಲ್ಲಿಂದ ಮುಂದೆ ಕಬ್ಬಿಣ ಬೇಡವೆಂದು ದೊಡ್ಡಪ್ಪ ಎಲ್ಲರನ್ನೂ ಹಿಂದಕ್ಕೆ ಕಳಿಸಿ, ತಾವೇ ಕೂತು ಕೈಯಲ್ಲಿ ತೋಡಿದರು. ಉಗುರಿನ ಸಂದಿಯಲ್ಲಿ ರಕ್ತ ಬರುವವರೆಗೂ ತೋಡಿದರು. ಸಾಕು ಅಣ್ಣಾ ಎಂದು ಅಪ್ಪ ಅವರ ರಟ್ಟೆ ಹಿಡಿದು ಎಬ್ಬಿಸಿದರು. ಮರುವಾರ ಹೆತ್ತೂರು ಕಡೆಯ ನೆಂಟರ ತೋಟದಿಂದ ಒಂದು ಬಗನಿ ತರಿಸಿ, ಸೀಳಿ, ಹಳೆಯ ಕ್ರಮದಂತೆ ದಬ್ಬೆ ಕೂರಿಸಿದ್ದೂ ಆಯಿತು. ಅದು ಈಗಲೂ ಅಲ್ಲೇ ಇದೆ, ಒಳಗೆ ಒಣಗಿದ ಎಲೆ ತುಂಬಿಕೊಂಡು.

ಆಮೇಲೆ ನೀರು ಹೊರುವ ದಿನಗಳು. ಪಂಚಾಯ್ತಿ ನಲ್ಲಿ ರಸ್ತೆಯ ಬದಿಗೆ ಇದೆ, ದಿನ ಬಿಟ್ಟು ದಿನ ಬರುತ್ತದೆ, ನಮ್ಮ ಏರಿಗೆ ಹತ್ತುವುದಿಲ್ಲ. ಮನೆಯ ಖರ್ಚಿಗೆ ಎಸ್ಟೇಟಿನ ನೀರು, ಸಸಿಗೆ ನಲ್ಲಿಯ ನೀರು ಎಂದು ಅಮ್ಮ ಭಾಗ ಮಾಡಿಕೊಂಡಳು. ನಾನು ಅಂಗಡಿಗೆ ಹೊರಡುವ ಮೊದಲು ಹೊರುತ್ತಿದ್ದೆ, ಬಂದ ಮೇಲೆ ಹೊರುತ್ತಿದ್ದೆ. ಎಷ್ಟು ಹೊತ್ತರೂ ಅಷ್ಟೂ ಮಡಿಗೆ ಸಾಲುತ್ತಿರಲಿಲ್ಲ. ಮೊದಲು ಬಿಟ್ಟದ್ದು ಮೇಲಿನ ಮಡಿಗಳನ್ನು, ಅವು ದೂರ ಎಂದು. ಆಮೇಲೆ ದಿನವೂ ಸಂಜೆ ಅಮ್ಮ ಸಾಲುಗಳ ನಡುವೆ ನಡೆದು, ಮರುದಿನದಿಂದ ಯಾವ ಸಾಲಿಗೆ ನೀರಿಲ್ಲ ಎಂದು ತೀರ್ಮಾನಿಸುತ್ತಿದ್ದಳು. ಬಿಟ್ಟ ಸಾಲನ್ನು ಒಣಗಲು ಬಿಡುತ್ತಿರಲಿಲ್ಲ. ಆಗಲೇ ಸಸಿ ಕಿತ್ತು, ಚೀಲದ ಮಣ್ಣನ್ನು ರಾಶಿಗೆ ಸುರಿದು, ಚೀಲ ಮಡಿಚಿ ಇಡುತ್ತಿದ್ದಳು. ಎಲೆ ಇನ್ನೂ ಹಸಿರಾಗಿರುವ ಸಸಿಗಳು. ಅದನ್ನು ನೋಡಲಾಗದೆ ಒಂದು ಸಂಜೆ ನಾನು ತಡೆದೆ. ಏಪ್ರಿಲ್ ಬಂದಿತ್ತು, ಮೋಡ ಕಟ್ಟುತ್ತಿತ್ತು.

"ನಾಳೆ ಮಳೆ ಬಂದ್ರೆ ಏನ್ ಮಾಡ್ತೀಯ?"

"ಬಂದ್ರೆ ಬರ್ಲಿ ಮಗಾ. ಇವತ್ತಿನ ನೀರ ಎರಡು ಸಾಲಿಗೆ ಹಂಚುದ್ರೆ ಎರಡೂ ಸಾಯ್ತವೆ. ನಾಳೆ ಮಳೆ ನಂಬ್ಕಂಡು ಇವತ್ತು ಅವ್ಕೆ ಏನ್ ಹಾಕ್ಲಿ?"

ಎರಡು ದಿನ ಬಿಟ್ಟು ಒಂದು ಒಳ್ಳೆಯ ಮಳೆ ಬಂತು. ಆ ಸಾಲಿನ ಜಾಗದಲ್ಲಿ ಖಾಲಿ ನೆಲ ನೆನೆಯಿತು. ಆಮೇಲೆ ಮೂರು ವಾರ ಹನಿಯಿಲ್ಲ. ಆ ಮಳೆ ಬಂದ ತಾರೀಕನ್ನು ನಾನು ಮಳೆ ಗುರುತು ಹಾಕುವ ಡೈರಿಯಲ್ಲಿ ಬರೆಯಲಿಲ್ಲ. ಈ ವರ್ಷದ ಮಳೆಗಳಲ್ಲಿ ಬರೆಯದೆ ಬಿಟ್ಟದ್ದು ಅದೊಂದೇ.

ಮೇ ಕೊನೆಗೆ ಉಳಿದದ್ದು ನಮ್ಮದೇ ತೋಟದ ಸತ್ತ ಗಿಡಗಳ ಜಾಗಕ್ಕೆ ಸಾಲುವಷ್ಟು. ಮುಂಗಡ ಹೇಳಿದ್ದವರಿಗೆಲ್ಲ ಅಮ್ಮ ಫೋನ್ ಮಾಡಿ, ಈ ಸಲ ಇಲ್ಲ ಎಂದಿದ್ದಳು. ಆಲೂರು ಕಡೆಯ ಒಬ್ಬರಿಗೆ ಫೋನ್ ಸಿಕ್ಕಿರಲಿಲ್ಲ. ನನಗೆ ನೆನಪಿರುವ ಕಾಲದಿಂದ ಪ್ರತಿ ಜೂನ್‌ನಲ್ಲೂ ಬರುವವರು. ಪಿಕಪ್ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿ, ಮಡಿಚಿಟ್ಟ ಚೀಲಗಳ ರಾಶಿ ನೋಡಿದರು. "ಏನ್ ತಾಯಿ, ಈ ಸಲ ಬರೀ ಚೀಲ ಬೆಳ್ದಿದ್ದೀರಾ" ಎಂದು ತಮಾಷೆ ಮಾಡಿದರು. ಅಮ್ಮ ನಕ್ಕಳು, ಕಾಫಿ ಕೊಟ್ಟಳು, ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅವರು ಲೋಟ ಕೆಳಗಿಟ್ಟು, ತಮಾಷೆ ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಎಂದರು. ಬೇರೆ ನರ್ಸರಿ ಯಾವುದು ಒಳ್ಳೆಯದು ಎಂದು ಅವಳನ್ನೇ ಕೇಳಿದರು. ಅವಳು ಸರಿಯಾದ ದಾರಿ ಹೇಳಿ ಕಳಿಸಿದಳು. ಈಗ ಅಮ್ಮ ವಾರದಲ್ಲಿ ನಾಲ್ಕು ದಿನ ಅಪ್ಪನ ಎಸ್ಟೇಟಿಗೇ ಕಳೆ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಹಾಜರಿ ಕೂಗುವುದು ಅಪ್ಪ. ಮನೆಯಲ್ಲಿ ಅದನ್ನು ಹೇಳಿಕೊಂಡು ನಗುವಷ್ಟು ದಿನ ಇನ್ನೂ ಆಗಿಲ್ಲ.

ಮಳೆಗಾಲ ಬಂದರೆ ಒರತೆ ಏಳುತ್ತದೆ ಎಂದು ದೊಡ್ಡಪ್ಪ ಹೇಳುತ್ತಿದ್ದರು. ಜೂನ್ ಹೋಯಿತು, ಜುಲೈ ಹೋಯಿತು. ಭಾನುವಾರ ತಪ್ಪದೆ ಹತ್ತಿ ನೋಡಿದ್ದೇನೆ. ಜೋರು ಮಳೆಯ ಮರುದಿನ ದಬ್ಬೆಯ ಮೇಲೆ ಕೆಂಪು ನೀರು ಸ್ವಲ್ಪ ಇಳಿಯುತ್ತದೆ, ಅದು ಮೇಲಿನ ಮಣ್ಣು ತೊಳೆದು ಬಂದದ್ದು, ಸಂಜೆಗೆ ನಿಲ್ಲುತ್ತದೆ. ಕೆಳಗೆ ಎಸ್ಟೇಟಿನ ಗುಂಡಿ ತುಂಬಿ ಹಳ್ಳಕ್ಕೆ ಹರಿಯುತ್ತಿದೆ. ಟ್ಯಾಂಕಿಗೆ ಈಗ ಹೆಂಚಿನ ನೀರು ಹಿಡಿದು ಸುರಿಯುತ್ತೇವೆ. ನಿನ್ನೆ ಸುರಿಯಲಿಲ್ಲ, ಅದಕ್ಕೇ ನಲ್ಲಿ ಖಾಲಿ.

ಕಾರಣ ಒಬ್ಬೊಬ್ಬರದು ಒಂದೊಂದು. ದೊಡ್ಡಪ್ಪನ ಪ್ರಕಾರ ಕಬ್ಬಿಣ ಮುಟ್ಟಿಸಿದ್ದು. ಅಪ್ಪನ ಪ್ರಕಾರ ಗುಡ್ಡದ ನೆತ್ತಿಯಲ್ಲಿ ಯಾರೋ ಸಿಲ್ವರ್ ಓಕ್ ಮರಗಳನ್ನು ಒಮ್ಮೆಗೇ ಕಡಿಸಿದ್ದು. ನನಗೆ ಅನ್ನಿಸುವುದು ಎತ್ತರ: ಒಂದೂವರೆ ಅಡಿ ನೀರಿನ ಭಾರ ಒಳಗೆ ಹಿಂದಕ್ಕೆ ಒತ್ತಿ, ನೀರು ಮಣ್ಣಿನೊಳಗೆ ಬೇರೆ ಇಳಿಜಾರು ಹುಡುಕಿಕೊಂಡಿತು. ಒಮ್ಮೆ ದಾರಿ ಕೊರೆದುಕೊಂಡ ಮೇಲೆ ಹಳೆಯ ಬಾಯಿ ತೆರೆದರೂ ಅದಕ್ಕೆ ಅಗತ್ಯ ಉಳಿಯಲಿಲ್ಲ. ಅಂತರ್ಜಲ ಇಲಾಖೆಯ ಕಚೇರಿಯಿಂದ ಒಬ್ಬರು ಬಂದು ನೋಡಿ, ಫೋಟೊ ತೆಗೆದುಕೊಂಡು, ಬೇಸಿಗೆಯಲ್ಲಿ ಪರೀಕ್ಷೆ ಮಾಡಬೇಕಾಗುತ್ತದೆ ಎಂದು ಹೋದರು. ಅಮ್ಮ ಕಾರಣ ಕೇಳುವುದಿಲ್ಲ. ಎತ್ತರ ಎಂಬ ಮಾತನ್ನು ನಾನು ಅವಳ ಮುಂದೆ ಆಡುವುದೂ ಇಲ್ಲ. ಆದರೆ ಮೊನ್ನೆ ಅವಳೇ, ಒರೆಸುವ ಬಟ್ಟೆ ಹಿಂಡುತ್ತಾ, ಹಳೆ ಮಟ್ಟಕ್ಕೇ ಬಿಡಿ ಅಂದಿದ್ರೆ ಆಗ್ತಿತ್ತೇನೋ ಎಂದಳು. ನಾನು ಹೆಂಚಿನ ನೀರಿನ ಬಕೆಟ್ ಎತ್ತಿಕೊಂಡು ಟ್ಯಾಂಕಿನ ಕಡೆಗೆ ಹೋದೆ.

ಬೀಜದ ಹಣ್ಣಿಗೆ ಅಮ್ಮ ಗಿಡ ಗುರುತು ಹಾಕುವುದು ನವೆಂಬರ್ ಕೊನೆಯ ವಾರ. ಹಣ್ಣು ಕೊಯ್ದು ಬೀಜ ಹಾಕಿದರೆ ಮತ್ತೆ ಫೆಬ್ರವರಿಯಿಂದ ನೀರು ಬೇಕು. ನೀರಿಲ್ಲದೆ ಹಾಕಿ ಇನ್ನೊಂದು ಸಲ ಸಾಲು ಸಾಲಾಗಿ ಕೀಳುವುದನ್ನು ಅವಳು ತಡೆಯಲಾರಳು, ನಾನೂ ತಡೆಯಲಾರೆ. ಹಾಕದೆ ಬಿಟ್ಟರೆ, ಎರಡು ವರ್ಷ ಸಸಿ ಸಿಗದ ಕಡೆಗೆ ಜನ ಮೂರನೇ ವರ್ಷ ಬರುವುದಿಲ್ಲ. ನನ್ನ ಅಂದಾಜು ಹಾಕಬಾರದು ಎಂದೇ ಇದೆ. ಆದರೂ ಅಂದಾಜಿನ ಮೇಲೆ ಅವಳಿಗೆ ಬೇಡ ಎಂದು ಹೇಳಲು ಬಾಯಿ ಬರುವುದಿಲ್ಲ.

ಓದುವವರಲ್ಲಿ ಯಾರ ಮನೆಯಲ್ಲಾದರೂ ಒರತೆಯ ಬಾಯಿಗೆ ತೊಟ್ಟಿ ಕಟ್ಟಿ, ನೀರು ಬೇರೆ ಕಡೆ ಎದ್ದು, ತೊಟ್ಟಿ ಒಡೆದ ಮೇಲೆ ಹಳೆಯ ಬಾಯಿಗೆ ತಿರುಗಿ ಬಂದದ್ದಿದ್ದರೆ ದಯವಿಟ್ಟು ಬರೆಯಿರಿ. ಎಷ್ಟು ಮಳೆಗಾಲ ಹಿಡಿಯಿತು, ಮೊದಲಿನಷ್ಟೇ ಬಂತೇ, ನೀವು ಏನಾದರೂ ಮಾಡಿದಿರೋ ಅಥವಾ ತಾನಾಗಿ ಬಂತೋ, ಇಷ್ಟು ತಿಳಿದರೆ ಸಾಕು. ಬಾರದೇ ಹೋಗಿದ್ದರೆ ಅದನ್ನೂ ಬರೆಯಿರಿ. ನವೆಂಬರ್ ಕೊನೆಯ ವಾರಕ್ಕೆ ಮೊದಲು ತಲುಪಲಿ.